ಚಂದ್ರದ್ರೋಣದ ಇಳಿಜಾರಿನಲ್ಲಿ ಕೈನೋವು

ಚಿಕ್ಕಮಗಳೂರಿನ ಪೇಟೆಯಲ್ಲಿ ನಿಂತು ಉತ್ತರಕ್ಕೆ ಮುಖಮಾಡಿದವರಿಗೆ ಚಂದ್ರದ್ರೋಣ ಪರ್ವತ ಕಾಣದೆ ಇರದು. ಬಿದಿಗೆಯ ಚಂದ್ರನಂತೆ ಬಾಗಿ ನಿಂತ ಆ ಗಿರಿಶ್ರೇಣಿಗೆ ಹೆಸರು ಬಂದದ್ದೂ ಆ ಬಾಗಿನಿಂದಲೇ. ಬಾಬಾ ಬುಡನ್ ಎಂಬ ಸಂತರು ಯೆಮನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಈ ಬೆಟ್ಟದಲ್ಲಿ ನೆಟ್ಟರೆಂಬ ಐತಿಹ್ಯವನ್ನು ಅರಿಯದ ಕನ್ನಡಿಗರು ವಿರಳ. ಇಂಥ ಗಿರಿಯನ್ನು ಕುರಿತು ಬರೆಯಹೊರಟವನು ಮುಂಜಾನೆಯ ಮಂಜನ್ನೂ ಕಣಿವೆಯ ಹಸುರನ್ನೂ ವರ್ಣಿಸುವುದು ಲೋಕರೂಢಿ. ವಾಚಕರು ಕ್ಷಮಿಸಬೇಕು, ನಾನು ಹೇಳಹೊರಟಿರುವುದು ಆ ಗಿರಿಯನ್ನು ಬೈಸಿಕಲ್ಲಿನ ಮೇಲೆ ಇಳಿದ ನನ್ನ ಎರಡು ಕೈಗಳ ಕತೆಯನ್ನು.

ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ನಾನೊಂದು ಮೌಂಟನ್ ಬೈಸಿಕಲ್ಲನ್ನು ಕೊಂಡೆ. ದಪ್ಪ ಟೈರು, ಅಗಲವಾದ ಹ್ಯಾಂಡಲ್ಲು, ಮುಂದಿನ ಚಕ್ರಕ್ಕೆ ಗಾಳಿ ತುಂಬಿದ ಸಸ್ಪೆನ್ಷನ್ ಫೋರ್ಕು, ಎಣ್ಣೆಯ ಒತ್ತಡದಿಂದ ನಡೆಯುವ ಡಿಸ್ಕ್ ಬ್ರೇಕು ಇವೆಲ್ಲ ಉಳ್ಳ ವಾಹನ. "ಪಂಪನನ್ನು ಬಿಟ್ಟು ಪಂಪು ಹಿಡಿದಿರಲ್ಲ!" ಎಂದು ಅಧ್ಯಾಪಕರ ಕೊಠಡಿಯಲ್ಲಿ ನಗೆಯೆದ್ದಿತು. ನಾನೂ ನಕ್ಕೆ. ಆದರೆ ಡಿಸೆಂಬರಿನ ಒಂದು ಭಾನುವಾರ, ಹಿಂದೆ ನನ್ನ ವಿದ್ಯಾರ್ಥಿಯಾಗಿದ್ದ ತರುಣನೊಬ್ಬನ ಜೊತೆಗೂಡಿ ಗಿರಿಗೆ ಹೊರಟೇಬಿಟ್ಟೆ.

ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಕೈಮರವನ್ನು ದಾಟಿದೊಡನೆ ಏರು ಮೊದಲಾಗುತ್ತದೆ. ಕಾಫಿ ತೋಟಗಳ ನೆರಳು ಹಿಂದೆ ಸರಿದು, ತಿರುವು ತಿರುವಿಗೂ ಆಕಾಶ ದೊಡ್ಡದಾಗುತ್ತ ಹೋಗುತ್ತದೆ. ಏರುವಾಗ ಕಷ್ಟವೆಲ್ಲ ಕಾಲಿಗೆ ಮತ್ತು ಎದೆಗೆ. ಕೈಗಳದು ವಿಶೇಷ ಕೆಲಸವಿಲ್ಲ. ಮೇಲೆ ಹುಲ್ಲುಗಾವಲಿನ ಅಂಚಿನಲ್ಲಿ ನಿಂತು ಬುತ್ತಿ ಬಿಚ್ಚಿದಾಗ ನನ್ನಷ್ಟು ಸುಖಿ ಬೇರೊಬ್ಬನಿರಲಿಲ್ಲ. ಆ ಹುಲ್ಲಿನ ಮೇಲಾಗಲಿ, ಕಣಿವೆಯ ಶೋಲಾ ಕಾಡಿನೊಳಗಾಗಲಿ ಚಕ್ರ ಹಾಯಿಸಬಾರದೆಂಬುದು ನಮ್ಮಿಬ್ಬರ ಒಪ್ಪಂದ. ಆದ್ದರಿಂದ ರಸ್ತೆಯಲ್ಲೇ ಅಷ್ಟು ದೂರ ಇಳಿದು, ಪರಿಚಿತರೊಬ್ಬರ ಅಪ್ಪಣೆ ಪಡೆದು ಅವರ ತೋಟದೊಳಗಣ ಕಚ್ಚಾ ದಾರಿಯನ್ನು ಹಿಡಿದೆವು.

ಆ ದಾರಿ ಮಳೆಗಾಲದ ನೀರು ಕೊರೆದುಬಿಟ್ಟ ಕಲ್ಲುಗಳ ಹಾಸು. ನಾಲ್ಕು ಬೆರಳುಗಳನ್ನೂ ಬ್ರೇಕಿನ ಮೇಲಿಟ್ಟು, ಹ್ಯಾಂಡಲ್ಲನ್ನು ಬಿಗಿಹಿಡಿದು, ಉಸಿರು ಕಟ್ಟಿಕೊಂಡು ಇಳಿದೆ. ಪ್ರತಿಯೊಂದು ಕಲ್ಲೂ ಅಂಗೈಯ ಮೂಲಕ ಭುಜವನ್ನು ಮುಟ್ಟಿ ತನ್ನ ಪರಿಚಯ ಹೇಳಿಕೊಳ್ಳುತ್ತಿತ್ತು. ಅರ್ಧ ದಾರಿಗೆ ಬರುವಷ್ಟರಲ್ಲಿ ಹೆಬ್ಬೆರಳಿನ ಬುಡ ಉರಿಯತೊಡಗಿತು. ಮುಂಗೈ ಮರದ ಕೊರಡಾಯಿತು. ಕೆಳಗೆ ಮುಟ್ಟಿದಾಗ ಕಿರುಬೆರಳು ಮತ್ತು ಉಂಗುರದ ಬೆರಳು ನನ್ನವೆಂಬುದೇ ತಿಳಿಯದಷ್ಟು ಮರಗಟ್ಟಿದ್ದವು. ಹೋಟೆಲಿನಲ್ಲಿ ಕಾಫಿಯ ಲೋಟವನ್ನು ಎರಡು ಕೈಯಿಂದ ಹಿಡಿದು ಕುಡಿದೆ. ಶಿಷ್ಯ ನೋಡಿಯೂ ನೋಡದವನಂತೆ ಮುಖ ತಿರುಗಿಸಿದ.

ಮರುದಿನ ತರಗತಿಯಲ್ಲಿ ಸೀಮೆಸುಣ್ಣ ಎರಡು ಸಲ ಜಾರಿ ಬಿದ್ದಿತು. ಮನೆಯಲ್ಲಿ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಕಾದಿತ್ತು. ಕೆಂಪು ಪೆನ್ನನ್ನು ಹಿಡಿದು ಅಂಕ ಬರೆಯಹೋದರೆ ಸೊನ್ನೆಯ ತುದಿಗಳು ಒಂದನ್ನೊಂದು ಕೂಡಲಿಲ್ಲ. ಮೂರನೆಯ ದಿನವೂ ಕಿರುಬೆರಳಿಗೆ ಸ್ಪರ್ಶ ಪೂರ್ಣವಾಗಿ ಮರಳದಿದ್ದಾಗ ನನಗೆ ನಿಜವಾಗಿ ಭಯವಾಯಿತು. ಬರೆಯುವುದರಿಂದಲೇ ಹೊಟ್ಟೆ ಹೊರೆಯುವವನು ನಾನು. ಒಂದು ಭಾನುವಾರದ ಷೋಕಿಗೆ ಬಲಗೈಯನ್ನು ಪಣವಿಟ್ಟೆನೇ ಎಂಬ ಚಿಂತೆ ರಾತ್ರಿ ನಿದ್ರೆಯನ್ನು ಕದ್ದಿತು.

ವೈದ್ಯರು ನನ್ನ ಕೈಯನ್ನು ಮೇಜಿನ ಮೇಲಿಟ್ಟು ವಿವರಿಸಿದರು. ಮೊಣಕೈ ಗೋಡೆಗೆ ತಾಗಿದಾಗ ಜುಮ್ಮೆನ್ನುವ ನರವೊಂದಿದೆಯಲ್ಲ, ಅದರ ಹೆಸರು ಅಲ್ನರ್ ನರ. ಅದು ಕಿರುಬೆರಳಿನ ಕಡೆಯ ಮಣಿಕಟ್ಟಿನಲ್ಲಿ, ಬಟಾಣಿಯಂಥ ಒಂದು ಮೂಳೆಗೂ ಕೊಕ್ಕೆಯುಳ್ಳ ಇನ್ನೊಂದು ಮೂಳೆಗೂ ನಡುವಿನ ಇಕ್ಕಟ್ಟಾದ ಓಣಿಯಲ್ಲಿ ಹಾದು ಅಂಗೈಗೆ ಇಳಿಯುತ್ತದೆ. ಫ್ರಾನ್ಸಿನ ಶಸ್ತ್ರವೈದ್ಯ ಗುಯೋನ್ 1861ರಲ್ಲಿ ಈ ಓಣಿಯನ್ನು ವರ್ಣಿಸಿದ್ದರಿಂದ ಅದಕ್ಕೆ ಆತನ ಹೆಸರೇ ನಿಂತಿದೆ. ಮೈಭಾರವನ್ನೆಲ್ಲ ಅಂಗೈಯ ಈ ಅಂಚಿನ ಮೇಲೆ ಹೇರಿ, ಮಣಿಕಟ್ಟನ್ನು ಹಿಂದಕ್ಕೆ ಮುರಿದು, ಮೇಲಿಂದ ಮೇಲೆ ಕುಲುಕಿದರೆ ನರ ನಲುಗುತ್ತದೆ. ಕಿರುಬೆರಳು, ಉಂಗುರದ ಬೆರಳು ಮರಗಟ್ಟುತ್ತವೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ನಲುಗಿದ್ದು ಮಣಿಕಟ್ಟಿನ ನಡುವೆ ಹಾಯುವ ಮೀಡಿಯನ್ ನರ. "ಬೆರಳು ಪೂರ್ಣ ಸರಿಹೋಗುವ ತನಕ ಸವಾರಿ ಬೇಡ. ಮರಗಟ್ಟಿದ್ದು ಬಿಡದೆ ನಿಂತರೆ ಅಥವಾ ಹಿಡಿತದ ಬಲ ಕುಂದಿದರೆ ತಡಮಾಡದೆ ಬನ್ನಿ. ಅಲಕ್ಷ್ಯ ಮಾಡಿದರೆ ಕೈಯ ಸಣ್ಣ ಸ್ನಾಯುಗಳೇ ಸೊರಗುತ್ತವೆ" ಎಂದರು.

ವಾರ ಕಳೆಯುವುದರೊಳಗೆ ಬೆರಳು ಸರಿಹೋಯಿತು. ಬೈಸಿಕಲ್ಲನ್ನು ಮಾರಿಬಿಡುವ ಮನಸ್ಸಿನಿಂದ ಪೇಟೆಯ ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿನ ವೃದ್ಧ ಮೇಸ್ತ್ರಿ ನನ್ನನ್ನು ಅದರ ಮೇಲೆ ಕೂರಿಸಿ, ಗೋಡೆಗೆ ಒರಗಿಸಿ, ಸುತ್ತಲೂ ನಿಧಾನವಾಗಿ ನೋಡಿದ. "ಮಾರೋದು ಆಮೇಲೆ ಸ್ವಾಮಿ, ಮೊದಲು ಇದನ್ನ ನಿಮ್ಮ ಮೈಗೆ ಹೊಲಿಯೋಣ" ಎಂದ.

ಸೀಟಿನ ಮೂತಿ ಮುಂದಕ್ಕೆ ವಾಲಿತ್ತು. ಅದರಿಂದ ಮೈ ಸದಾ ಮುಂದಕ್ಕೆ ಜಾರಿ, ಜಾರುವ ಮೈಯನ್ನು ಕೈಗಳು ಕಂಬಗಳಂತೆ ತಡೆದು ನಿಲ್ಲಿಸಬೇಕಾಗಿತ್ತು. ಅದನ್ನು ಆತ ಸಮವಾಗಿಸಿದ. ಟೈರುಗಳಲ್ಲಿ ನಾನು ಅಜ್ಞಾನದಿಂದ 45 ಪೌಂಡು ಗಾಳಿ ತುಂಬಿಸಿದ್ದೆ. ನನ್ನ ತೂಕವನ್ನು ಕೇಳಿ ಅದನ್ನು 28ಕ್ಕೆ ಇಳಿಸಿದ. ಫೋರ್ಕಿನ ಚಲನೆ 100 ಮಿಲಿಮೀಟರ್. ನಾನು ಸುಮ್ಮನೆ ಕುಳಿತಾಗಲೇ ಅದು 20ರಿಂದ 25 ಮಿಲಿಮೀಟರ್ ಕುಗ್ಗಬೇಕಂತೆ, ಆದರೆ ಅದು ಕದಲುತ್ತಲೇ ಇರಲಿಲ್ಲ. ಅದರ ಗಾಳಿಯನ್ನೂ ತಗ್ಗಿಸಿದ. ಕುಗ್ಗಿದ ಫೋರ್ಕು ಮುಂದಿನ ಕಲ್ಲು ಬರುವುದರೊಳಗೆ ಮೇಲೇಳದಿದ್ದರೆ ಕಲ್ಲು ಕಲ್ಲಿಗೂ ಗಿಡ್ಡವಾಗುತ್ತ ಕಡೆಗೆ ಕಬ್ಬಿಣದ ದಂಡವೇ ಆಗಿಬಿಡುತ್ತದೆಂದು, ಮೇಲೇಳುವ ವೇಗದ ತಿರುಪನ್ನು ಕೊಂಚ ಸಡಿಲಿಸಿದ.

ಕೊನೆಗೆ ಬ್ರೇಕಿಗೆ ಬಂದ. ಅಲ್ಲಿ ನನಗೊಂದು ಹಳೆಯ ಸಂಗತಿ ನೆನಪಾಯಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಟ್ಯಾಮಲ್‌ಪೈಸ್ ಬೆಟ್ಟದ ಸೀಮೆಯ ಕಚ್ಚಾ ಇಳಿಜಾರೊಂದರಲ್ಲಿ, 1976ರಿಂದ ಕೆಲವು ತರುಣರು ಹಳೆಯ ದಪ್ಪ ಟೈರಿನ ಸೈಕಲ್ಲುಗಳ ಮೇಲೆ ಪಂದ್ಯ ನಡೆಸುತ್ತಿದ್ದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರದ ಹಬ್ಬಿನೊಳಗೆ ಬ್ರೇಕು ಬೀಳುವ ಯಂತ್ರಗಳವು. ಒಂದು ಇಳಿತಕ್ಕೇ ಹಬ್ಬಿನ ಗ್ರೀಸು ಕಾದು ಹೊಗೆಯಾಗಿ, ಮತ್ತೆ ತುಂಬಬೇಕಾಗುತ್ತಿದ್ದುದರಿಂದ ಆ ದಾರಿಗೆ 'ರೀಪ್ಯಾಕ್' ಎಂದೇ ಹೆಸರಾಯಿತು. ಕಾಲಿನ ಆ ಕೆಲಸ ಬರಬರುತ್ತ ಕೈಗೆ ಬಂದಿದೆ. ಆದರೆ ಇಂದಿನ ಡಿಸ್ಕ್ ಬ್ರೇಕಿಗೆ ಒಂದು ಬೆರಳಿನ ಬಲ ಸಾಕು. ನಾನು ನಾಲ್ಕನ್ನು ದುಡಿಸುತ್ತಿದ್ದೆ! ಮೇಸ್ತ್ರಿ ಬ್ರೇಕಿನ ಹಿಡಿಯನ್ನು ಒಳಕ್ಕೆ ಸರಿಸಿ, ತೋರುಬೆರಳು ಅದರ ತುದಿಯ ಕೊಕ್ಕೆಗೆ ಒದಗುವಂತೆ ಮಾಡಿದ. ಮುಂಗೈಯೂ ಹಸ್ತವೂ ಒಂದೇ ಗೆರೆಯಾಗುವಂತೆ ಅದನ್ನು ತಿರುಗಿಸಿ, ತಿರುಪಿನಿಂದ ಬೆರಳಿನ ಸಮೀಪಕ್ಕೆ ತಂದ. ನಾನು ಕೊಂಡು ತಂದಿದ್ದ ದಪ್ಪ ಮೆತ್ತೆಯ ಕೈಗವುಸನ್ನು ಹಿಂದಿರುಗಿಸಿದ. ಮೆತ್ತೆ ಮುದುಡಿ ಒಂದೇ ಕಡೆ ಒತ್ತುತ್ತದೆ, ದಪ್ಪವಾದಷ್ಟೂ ಹಿಡಿತ ಬಿಗಿಯಾಗುತ್ತದೆ ಎಂಬುದು ಅವನ ಅಭಿಪ್ರಾಯ.

ಜನವರಿಯ ಕೊನೆಯಲ್ಲಿ ಮತ್ತೆ ಅದೇ ದಾರಿಗೆ ಬಂದೆವು. ತೋಟದಲ್ಲಿ ಕಾಫಿ ಕೊಯ್ಲಿನ ಕೊನೆಯ ದಿನಗಳು. ಕಲ್ಲುಗಳು ಮೊದಲಿನಷ್ಟು ಗದರಲಿಲ್ಲ. ಆದರೂ ಕಾಲು ದಾರಿ ಇಳಿದಾಗ ಮುಂಗೈ ಮತ್ತೆ ಬಿಗಿಯತೊಡಗಿತು. ಇಳಿದು ಬದಿಗೆ ನಿಂತೆ. ಹತ್ತಿರದಲ್ಲೇ ಹೆಂಗಸರು ಹಣ್ಣು ಬಿಡಿಸುತ್ತಿದ್ದರು. ಬೆಳಗಿನಿಂದ ದುಡಿಯುತ್ತಿದ್ದ ಆ ಕೈಗಳಲ್ಲಿ ಬಿಗುವೇ ಇರಲಿಲ್ಲ. ಹಣ್ಣನ್ನು ಮುಟ್ಟುವ ಕ್ಷಣದಲ್ಲಿ ಮಾತ್ರ ಬೆರಳುಗಳು ಕೂಡುತ್ತಿದ್ದವು, ಮರುಕ್ಷಣ ಸಡಿಲುತ್ತಿದ್ದವು. ನನ್ನ ಕೈಗಳನ್ನು ನೋಡಿಕೊಂಡೆ. ಬೈಸಿಕಲ್ಲು ನಿಂತಿತ್ತು, ಆದರೂ ನನ್ನ ಮುಷ್ಟಿ ಹ್ಯಾಂಡಲ್ಲನ್ನು ಬಿಟ್ಟಿರಲಿಲ್ಲ! ಮೇಸ್ತ್ರಿ ಯಂತ್ರದ ದೋಷವನ್ನು ತಿದ್ದಿದ್ದ; ಬೀಳುವೆನೆಂಬ ಭಯದಿಂದ ಬಿಗಿದ ಮುಷ್ಟಿಯನ್ನು ನಾನೇ ಬಿಚ್ಚಬೇಕಾಗಿತ್ತು.

"ಭಾರ ಪಾದಕ್ಕೆ ಕೊಡಿ ಸಾರ್, ಕೈಗೆ ದಾರಿ ತೋರಿಸೋದಷ್ಟೇ ಕೆಲಸ" ಎಂದ ಶಿಷ್ಯ. ಅಂದು ಅವನು ಗುರು. ಎರಡು ಪೆಡಲುಗಳನ್ನೂ ಸಮವಾಗಿ ನಿಲ್ಲಿಸಿ, ಸೀಟಿನಿಂದ ಎದ್ದು, ಹಿಮ್ಮಡಿಯನ್ನು ತಗ್ಗಿಸಿ, ಸೊಂಟವನ್ನು ಹಿಂದಕ್ಕೆ ಸರಿಸಿ, ಮೊಣಕೈಗಳನ್ನು ಬಾಗಿಸಿ ಇಳಿದೆ. ಕಲ್ಲಿನ ಮೇಲೆ ಬೈಸಿಕಲ್ಲು ಕುಣಿಯಿತು. ಅದರ ಕುಣಿತಕ್ಕೆ ಮೊಣಕೈ, ಮೊಣಕಾಲುಗಳು ಎಡೆಕೊಟ್ಟವು. ದಾರಿ ಸಮವಾದೆಡೆಯಲ್ಲೆಲ್ಲ ಹಾರ್ಮೋನಿಯಂ ನುಡಿಸುವವನಂತೆ ಬೆರಳುಗಳನ್ನು ಆಡಿಸಿ ನೋಡಿದೆ. ಆಡದಿದ್ದರೆ ಬಿಗಿಹಿಡಿದಿದ್ದೇನೆಂದು ಅರ್ಥ. ಹತ್ತು ನಿಮಿಷಕ್ಕೊಮ್ಮೆ ನಿಂತು ಕೈಗಳನ್ನು ಕೊಡವಿದೆ.

ಕೈನೋವು ಆ ದಿನವೇ ಹರಿದುಹೋಯಿತೆಂದು ಹೇಳಿದರೆ ಸುಳ್ಳಾದೀತು. ದೀರ್ಘವಾದ ಇಳಿಜಾರಿನಲ್ಲಿ ಕಿರುಬೆರಳು ಇಂದಿಗೂ ಒಮ್ಮೊಮ್ಮೆ ಜುಮ್ಮೆಂದು ಎಚ್ಚರಿಸುತ್ತದೆ. ಆಗ ಇಳಿದು, ಬೈಸಿಕಲ್ಲನ್ನು ತಳ್ಳಿಕೊಂಡು ನಡೆಯುತ್ತೇನೆ. ಮೊದಲು ಹಾಗೆ ನಡೆಯಲು ನಾಚಿಕೆಯಾಗುತ್ತಿತ್ತು, ಈಗ ಇಲ್ಲ. ನಡೆಯುವಾಗ ಕಣಿವೆಯಾದರೂ ಕಣ್ಣಿಗೆ ಬೀಳುತ್ತದೆ.

ಅಂದು ಕೆಳಗಿನ ಹೋಟೆಲಿನಲ್ಲಿ ಕಾಫಿಯ ಲೋಟವನ್ನು ಒಂದೇ ಕೈಯಲ್ಲಿ ಹಿಡಿದೆ. ಶಿಷ್ಯ ಈ ಸಲ ಮುಖ ತಿರುಗಿಸದೆ ನಕ್ಕ. ಮನೆಗೆ ಬಂದು ರಾತ್ರಿ ಪೆನ್ನು ಹಿಡಿದಾಗ ಸೊನ್ನೆಯ ತುದಿಗಳು ಕೂಡಿದವು. ಈ ಲೇಖನದ ಮೊದಲ ಪುಟವನ್ನು ಬರೆದದ್ದು ಆ ರಾತ್ರಿಯೇ.