ತಿಳಿನೀರು, ಕೆಸರುನೀರು

ಅಮೆರಿಕದ ಅಣೆಕಟ್ಟು ಎಂದೊಡನೆ ನಮಗೆ ನೆನಪಾಗುವುದು ಹೂವರ್‌ನಂಥ ದೈತ್ಯ. ಆದರೆ ಆ ದೇಶದ ದಾಖಲೆಯಲ್ಲಿರುವ 90,000ಕ್ಕೂ ಮಿಕ್ಕಿದ ಕಟ್ಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಖಾಸಗಿಯವರ ಸ್ವತ್ತು. ಬಹುಪಾಲು ಬರೀ ಮಣ್ಣಿನವು.

ಕೊಲೊರಾಡೋದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಂಥದೊಂದನ್ನು ಹತ್ತಿರದಿಂದ ನೋಡಿದೆ. ದನ ಸಾಕುವ ರ‍್ಯಾಂಚ್‌ಗಳ ವಿಶಾಲ ಬಯಲು. ಹಳ್ಳಕ್ಕೆ ಅಡ್ಡಲಾಗಿ ಏರಿ, ಪಕ್ಕದಲ್ಲಿ ಕೋಡಿ, ಅಡಿಯಲ್ಲಿ ತೂಬಿನ ಕೊಳವೆ. ಎಪ್ಪತ್ತು ದಾಟಿದ ಯಜಮಾನರು ಏರಿಯ ಮೇಲೆ ನಡೆಯುತ್ತ, ಬಿಲ ಕಂಡಲ್ಲಿ ನಿಲ್ಲುತ್ತ, ಮೊಳೆತ ಗಿಡಗಳನ್ನು ಕೀಳುತ್ತಿದ್ದರು.

"ತಾತಾ, ಮರ ಬೆಳೆದರೆ ಏರಿ ಗಟ್ಟಿಯಾಗುವುದಿಲ್ಲವಾ?" ಎಂದ ಮೊಮ್ಮಗ. ಪ್ರಶ್ನೆಯನ್ನು ಯಜಮಾನರಿಗೆ ದಾಟಿಸಿದೆ. "ಮರ ಸತ್ತರೆ ಬೇರು ಕೊಳೆಯುತ್ತದೆ. ಆ ಟೊಳ್ಳೇ ನೀರಿಗೆ ದಾರಿ" ಎಂದರು. ಆಮೇಲೆ ಏರಿಯ ಬುಡದಲ್ಲಿ ಜಿನುಗುತ್ತಿದ್ದ ನೀರನ್ನು ಬೊಗಸೆಯಲ್ಲಿ ಹಿಡಿದು ತೋರಿಸಿದರು: "ತಿಳಿಯಾಗಿದ್ದರೆ ಕಣ್ಣಿಟ್ಟರೆ ಸಾಕು. ಕೆಸರು ಬಂತೆಂದರೆ ಒಳಗಿನ ಮಣ್ಣು ಹೊರಟಿತೆಂದೇ ಅರ್ಥ."

ಅದೇ ರಾಜ್ಯದ ಲಾನ್ ಲೇಕ್ ಕಟ್ಟೆಯ ಕಥೆ ಇದಕ್ಕೆ ಸಾಕ್ಷಿ. 1903ರಲ್ಲಿ, ಸುಮಾರು 11,000 ಅಡಿ ಎತ್ತರದ ಪರ್ವತದಲ್ಲಿ ಬೇಸಾಯದ ನೀರಿಗಾಗಿ ಕಟ್ಟಿದ್ದು. ಎತ್ತರ ಕೇವಲ 26 ಅಡಿ. ಒಡೆತನ ಖಾಸಗಿ ಕಂಪನಿಯದು. ತೂಬಿನ ಕೊಳವೆಯ ಜೋಡಣೆಯಲ್ಲಿ ಸೋರಿಕೆ ಶುರುವಾಗಿ, ನೀರು ಮಣ್ಣನ್ನು ಕೊರೆಯುತ್ತ ಹೋಯಿತು. 1982ರ ಜುಲೈ 15ರ ಬೆಳಗಿನ ಜಾವ ಕಟ್ಟೆ ಒಡೆಯಿತು. ಮೂವರು ಸತ್ತರು, ಕೆಳಗಿನ ಎಸ್ಟೆಸ್ ಪಾರ್ಕ್ ಪಟ್ಟಣದ ಮುಖ್ಯಬೀದಿಗೇ ನೀರು ನುಗ್ಗಿತು. ಕಸ ಸಾಗಿಸುವ ಕೆಲಸಗಾರನೊಬ್ಬ ಪ್ರವಾಹದ ಮೊರೆತ ಕೇಳಿ ಫೋನ್ ಮಾಡಿದ್ದರಿಂದ ಅನೇಕರು ಉಳಿದರು.

ಕಟ್ಟೆಯ ಹಿಂದೆ ನಿಂತ ನೀರು ಒಬ್ಬನ ಆಸ್ತಿ. ಒಡೆದ ನೀರು ತಗ್ಗಿನವರೆಲ್ಲರ ಪಾಲು. ಅಲ್ಲಿ ಕಟ್ಟೆಯೊಂದರ ಅಪಾಯದ ದರ್ಜೆಯನ್ನು ಅದು ಎಷ್ಟು ಗಟ್ಟಿ ಎಂಬುದರಿಂದ ನಿರ್ಧರಿಸುವುದಿಲ್ಲ; ಒಡೆದರೆ ಕೆಳಗೆ ಏನೇನು ಕೊಚ್ಚಿಹೋಗುತ್ತದೆ ಎಂದು ನೋಡುತ್ತಾರೆ. ದನದ ಹುಲ್ಲುಗಾವಲಿದ್ದಲ್ಲಿ ಮನೆಗಳೆದ್ದರೆ ಹಳೆಯ ಕಟ್ಟೆಯೇ ಹೆಚ್ಚು ಅಪಾಯದ್ದಾಗುತ್ತದೆ!

ಆ ಯಜಮಾನರ ಮಕ್ಕಳಿಬ್ಬರೂ ನಗರ ಸೇರಿದ್ದಾರೆ. ನಾಳೆ ಏರಿಯ ಮೇಲೆ ನಡೆಯುವವರು ಯಾರು? ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ವಿದ್ಯಾರ್ಥಿಗಳೇ, ಕಟ್ಟೆ ಕಟ್ಟುವ ವಿದ್ಯೆ ಕಾಲೇಜಿನಲ್ಲಿ ಸಿಗುತ್ತದೆ. ಕಾಯುವ ವಿದ್ಯೆ ಹಿರಿಯರ ಜೊತೆ ನಡೆದರೆ ಮಾತ್ರ ಸಿಗುವಂಥದು. ತಂದೆತಾಯಿಯರೇ, ರಜೆಯಲ್ಲೊಂದು ದಿನ ಮಕ್ಕಳನ್ನು ಹತ್ತಿರದ ಏರಿಯ ಬುಡಕ್ಕೆ ಕರೆದೊಯ್ಯಿರಿ. ಜಿನುಗುವ ನೀರಿನ ಬಣ್ಣ ಯಾವುದೆಂದು ಅವರೇ ನೋಡಿ ಹೇಳಲಿ.