ನಗಾರಿ ಇಲ್ಲದ ನಗಾರಖಾನೆ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಶಾಲೆಗಳಲ್ಲಿ ಪ್ರವಾಸ ಹೊರಟಿತೆಂದರೆ ಪಟ್ಟಿಯಲ್ಲಿ ಗೋಲಗುಮ್ಮಟ ಇದ್ದೇ ಇರುತ್ತದೆ. ಜೇವರ್ಗಿ ದಾಟಿ ಸಿಂದಗಿ ಮಾರ್ಗವಾಗಿ ವಿಜಯಪುರ ಸೇರುವಷ್ಟರಲ್ಲಿ ಬುತ್ತಿಯ ಕಟಕ ರೊಟ್ಟಿ, ಶೇಂಗಾ ಹಿಂಡಿ ಅರ್ಧ ಖಾಲಿ. ಕಿರಿದಾದ ಮೆಟ್ಟಿಲು ಹತ್ತಿ ಪಿಸುಮಾತಿನ ಗ್ಯಾಲರಿ ಮುಟ್ಟಿದ್ದೇ ತಡ, ಹುಡುಗರು ಕೂಗತೊಡಗುತ್ತಾರೆ. ಸಿಳ್ಳೆ, ಚಪ್ಪಾಳೆ, ಗೆಳೆಯರ ಹೆಸರು. ಅಲ್ಲಿ ಕೇಳಬೇಕಾದದ್ದು ಮಾತ್ರ ಯಾರಿಗೂ ಕೇಳುವುದಿಲ್ಲ.

1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಗೋರಿಯ ಮೇಲಿನ ಈ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಎದುರು ಗೋಡೆಗೆ ಬಡಿದು ಮರಳಲು ಅದಕ್ಕೆ ಸೆಕೆಂಡಿನ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ಹೊತ್ತು ಬೇಕು. ಎರಡು ಸದ್ದುಗಳ ನಡುವೆ ಹತ್ತನೆಯ ಒಂದು ಸೆಕೆಂಡಿನ ಅಂತರವಿದ್ದರೂ ಸಾಕು, ಕಿವಿ ಅವನ್ನು ಬೇರೆ ಬೇರೆಯಾಗಿ ಹಿಡಿಯುತ್ತದೆ. ಆದ್ದರಿಂದಲೇ ಒಂದು ಚಪ್ಪಾಳೆ ಏಳೆಂಟಾಗಿ ಮರಳುವುದು. ಪಿಸುಮಾತಿನ ದಾರಿ ಬೇರೆ. ಅದು ಬಾಗಿದ ಗೋಡೆಯನ್ನೇ ಹಿಡಿದು ತೆವಳಿ ಆಚೆ ಬದಿಯವರ ಕಿವಿ ಸೇರುತ್ತದೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಇಂಥದೇ ಗ್ಯಾಲರಿಯನ್ನು ನೋಡಿ ಲಾರ್ಡ್ ರ್‍ಯಾಲೆ ಇದನ್ನು ವಿವರಿಸಿದ್ದ. ನಲವತ್ತು ಮಕ್ಕಳು ಒಟ್ಟಿಗೆ ಕೂಗಿದರೆ ಒಬ್ಬೊಬ್ಬರ ಕೂಗಿಗೂ ಏಳೆಂಟು ಮರಿಗಳು. ಗುಮ್ಮಟವೋ, ಸೋಮವಾರದ ಸಂತೆಯೋ ತಿಳಿಯದು.

ಕೆಳಗಿಳಿದರೆ ಎದುರಿಗೇ ನಗಾರಖಾನೆ. ಹೆಸರೇ ಹೇಳುವಂತೆ ಅದು ನಗಾರಿ ಬಾರಿಸುವ ಮನೆ. ಈಗ ಅದರಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಶಿಲ್ಪ, ಶಾಸನ, ರತ್ನಗಂಬಳಿ, ಪಿಂಗಾಣಿ, ಕತ್ತಿ ಎಲ್ಲವೂ ಉಂಟು, ಕಿವಿಗೆ ಮಾತ್ರ ಕೆಲಸವಿಲ್ಲ. ಒಂದು ಧ್ವನಿವರ್ಧಕ ತೂಗುಹಾಕಿದರಾಯಿತು ಎನ್ನುವವರುಂಟು. ಅದು ಅಷ್ಟು ಸುಲಭವಲ್ಲ.

ಅಮೆರಿಕದ ಹಾರ್ವರ್ಡ್‌ನಲ್ಲಿ 1895ರಲ್ಲಿ ಹೊಸದಾಗಿ ತೆರೆದ ಫಾಗ್ ಕಲಾ ಮ್ಯೂಸಿಯಂನ ಉಪನ್ಯಾಸ ಕೊಠಡಿಯಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಗುಂಯ್‌ಗುಡುತ್ತಿತ್ತು. ಒಂದು ವಾಕ್ಯದ ಬಾಲ ಮುಂದಿನ ವಾಕ್ಯದ ತಲೆಯ ಮೇಲೆ! ಇದನ್ನು ಸರಿಪಡಿಸುವ ಹೊಣೆ ಹೊತ್ತ ಯುವ ಅಧ್ಯಾಪಕ ವ್ಯಾಲೇಸ್ ಸ್ಯಾಬಿನ್, ಸ್ಯಾಂಡರ್ಸ್ ಥಿಯೇಟರಿನ ಆಸನಗಳ ದಿಂಬುಗಳನ್ನು ರಾತ್ರಿ ಹೊತ್ತು ತಂದು ಹಾಸುತ್ತಿದ್ದ. ಆರ್ಗನ್ ಕೊಳವೆ ಊದಿಸಿ ನಾದ ಅಡಗುವ ವೇಳೆ ಅಳೆದು, ಬೆಳಗಾಗುವುದರೊಳಗೆ ಅವನ್ನು ವಾಪಸು ಸೇರಿಸುತ್ತಿದ್ದ. ಕಲ್ಲು, ಗಾಜು ಸದ್ದನ್ನು ಮರಳಿಸುತ್ತವೆ. ಬಟ್ಟೆ, ಹತ್ತಿ ನುಂಗುತ್ತವೆ. ಮ್ಯೂಸಿಯಂಗೆ ಧ್ವನಿ ಜೋಡಿಸುವವರ ಮೊದಲ ಪಾಠ ಇಂದಿಗೂ ಇದೇ. ಬೆಂಗಳೂರಿನ ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಮ್ಯೂಸಿಯಂನಲ್ಲಿ ನೋಡುಗರ ಕಿವಿಗೆ ಹೆಡ್‌ಫೋನ್ ಏರಿಸುತ್ತಾರೆ. ಒಬ್ಬರ ಹಾಡು ಪಕ್ಕದವರಿಗೆ ಕಾಟವಾಗದು.

ಕಲಬುರಗಿಯ ಸರ್ಕಾರಿ ಮ್ಯೂಸಿಯಂ ಇರುವುದೂ ಬಹಮನಿ ಕಾಲದ ಗುಮ್ಮಟಗಳ ಕೆಳಗೇ. ಅಲ್ಲಿಯೂ ಕಲ್ಲಿನ ಮೂರ್ತಿಗಳಿವೆ. ಆದರೆ ಈ ಮೂರು ತಾಲ್ಲೂಕುಗಳ ದೊಡ್ಡ ಆಸ್ತಿ ಕಲ್ಲಿನದಲ್ಲ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿದ ಮಡಿವಾಳಪ್ಪ ನೆಲೆ ನಿಂತದ್ದು ಆಗ ಜೇವರ್ಗಿಗೆ ಸೇರಿದ್ದ, ಈಗ ಯಡ್ರಾಮಿ ತಾಲ್ಲೂಕಿನ ಕಡಕೋಳದಲ್ಲಿ. ಚನ್ನೂರ ಜಲಾಲಸಾಹೇಬರಂಥ ಶಿಷ್ಯರು ಅವರ ದಾರಿಯಲ್ಲೇ ತತ್ವಪದ ಕಟ್ಟಿದರು. ಆ ಪದಗಳು ಅಚ್ಚಾಗಿವೆ, ಸಂತೋಷ. ಆದರೆ ಏಕತಾರಿ ಮೀಟಿದ ಮೇಲೆ ಎಷ್ಟು ಹೊತ್ತಿಗೆ ಸೊಲ್ಲು ಎತ್ತಬೇಕು, ದಮ್ಮಡಿಯ ಪೆಟ್ಟು ಎಲ್ಲಿ ಬೀಳಬೇಕು, ಯಾವ ಮಾತನ್ನು ಎಳೆದು ಯಾವುದನ್ನು ನುಂಗಬೇಕು ಎಂಬುದು ಪುಸ್ತಕದಲ್ಲಿ ಸಿಗದು. ಅದಿರುವುದು ಇಡೀ ರಾತ್ರಿ ಭಜನೆಗೆ ಕೂಡುವ ಹಿರಿಯರ ಗಂಟಲಲ್ಲಿ. ಆಳಂದ ಸೀಮೆಯ ಮೊಹರಂ ಪದಗಳ ಗತಿಯೂ ಇದೇ. ಗಾಣಗಾಪುರದಲ್ಲಿ ಭೀಮಾ-ಅಮರ್ಜಾ ಕೂಡುವಲ್ಲಿನ ನೀರಿನ ಸದ್ದನ್ನೂ ಒಬ್ಬರು ಹಿಡಿದಿಡಬೇಕು. ಗಾಜಿನ ಪೆಟ್ಟಿಗೆಗೆ ಸುರಿಯುವ ಹಣದ ಒಂದು ಚೂರು ಸಾಕು: ನಾಲ್ಕು ಹೆಡ್‌ಫೋನು, ಗುಮ್ಮಟದ ಕೆಳಗೊಂದು ದಪ್ಪ ಜಮಖಾನೆ.

ಅಲ್ಲಿಯವರೆಗೆ ಮಕ್ಕಳನ್ನು ಕರೆದೊಯ್ಯುವ ಮಾಸ್ತರರು ಗೋಲಗುಮ್ಮಟಕ್ಕೆ ಬೆಳ್ಳಂಬೆಳಗ್ಗೆ, ಜನ ಸೇರುವ ಮೊದಲೇ ಹೋಗುವುದು ಲೇಸು. ಇಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರು ಗೋಡೆಗೆ ಬಾಯಿಟ್ಟು ಪಿಸುಗುಡಲಿ, ಉಳಿದವರು ಎರಡು ನಿಮಿಷ ಸುಮ್ಮನಿರಲಿ. ನಗಾರಖಾನೆಯ ಮ್ಯೂಸಿಯಂಗೆ ಶುಕ್ರವಾರ ರಜೆ.