ಹೇಮಾವತಿಯ ಸೀಮೆಯಲ್ಲಿ ಹಿರಿಯರ ಒಡವೆಗಳು

ಹಾಸನದ ಸೀಮೆಯಲ್ಲಿ ಕಲ್ಲೂ ಒಡವೆ ತೊಟ್ಟಿದೆ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ದೇಗುಲದ ಮದನಿಕೆಯರ ಕಂಠಹಾರ, ತೋಳಬಂದಿಗಳನ್ನು ಕಂಡವರಿಗೆ ಇದು ಹೊಸ ಮಾತಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಬಳಪದ ಕಲ್ಲಿನ ಮೃದುತ್ವವನ್ನು ಅರಿತೇ ರೂವಾರಿಗಳು ಅಷ್ಟು ಸೂಕ್ಷ್ಮವಾಗಿ ಉಳಿಯನ್ನಾಡಿಸಿದರು. ವಸ್ತುವಿನ ಗುಣವನ್ನರಿತು ಮುಟ್ಟಬೇಕೆಂಬ ಆ ಪಾಠ ನಮ್ಮ ಮನೆಗಳ ಒಡವೆಯ ಪೆಟ್ಟಿಗೆಗೂ ಸಲ್ಲುತ್ತದೆ.

ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳವರೆಗೆ ಶರಣರ ಮನೆಗಳಿಗೆ ಹೋದಾಗ ಆ ಪೆಟ್ಟಿಗೆಯಲ್ಲಿ ಕಾಣುವುದು ಬೆಳ್ಳಿಯ ಕರಡಿಗೆ, ಕೆಂಪಿನ ಓಲೆ, ಮುತ್ತಿನ ಸರ. ಇತ್ತೀಚೆಗೆ ಓಪಲ್ ಹರಳಿನ ಉಂಗುರವೂ ಸೇರಿದೆ. ಕೆಲವು ಪರದೇಶದಲ್ಲಿರುವ ಮಕ್ಕಳು ತಂದವು. ಕೆಲವು ಶುಕ್ರಗ್ರಹದ ಹೆಸರಿನಲ್ಲಿ ಕೊಂಡವು. ಇಷ್ಟಲಿಂಗವನ್ನು ಧರಿಸಿದವರಿಗೆ ಗ್ರಹದ ಭಯವೇಕೆಂಬುದು ಶರಣರ ನಿಲುವು. ಆದರೆ ತಾಯಿಯೋ ಅತ್ತೆಯೋ ತೊಟ್ಟ ಹರಳನ್ನು ಅವರ ನೆನಪಿಗಾಗಿ ಕಾಪಾಡುವುದರಲ್ಲಿ ತಪ್ಪೇನಿಲ್ಲ.

ಹೊಳೆನರಸೀಪುರದ ಹೆಸರಿನಲ್ಲೇ ಹೊಳೆಯಿದೆ. ಹೇಮಾವತಿಯ ದಂಡೆಯ ಈ ಊರಿನಲ್ಲಿ ನಿಂತಾಗ ಓಪಲ್ಲಿನ ಸ್ವಭಾವ ನೆನಪಾಗುತ್ತದೆ, ಏಕೆಂದರೆ ಆ ಹರಳಿನ ಒಡಲಲ್ಲಿಯೂ ನೀರಿದೆ. ಸಾಮಾನ್ಯವಾಗಿ ಅದರ ತೂಕದಲ್ಲಿ ನೂರಕ್ಕೆ 3ರಿಂದ 10 ಪಾಲು ನೀರು. 'ಉಪಲ'ವೆಂಬ ಸಂಸ್ಕೃತ ಪದವೇ ಅದರ ಹೆಸರಿಗೆ ಮೂಲವೆಂದು ಹಲವು ವಿದ್ವಾಂಸರ ಮತ. ಒಲೆಯ ಕಾವು, ಸುಡುಬಿಸಿಲು, ಥಟ್ಟನೆ ಬದಲಾಗುವ ಶಾಖ ಇವು ತಾಗಿದರೆ ಅದು ಸೀಳು ಬಿಡುತ್ತದೆ; ಬಿಟ್ಟ ಸೀಳನ್ನು ಯಾವ ಎಣ್ಣೆಯೂ ಕೂಡಿಸದು. ಅದರ ಗಡಸುತನ 5.5ರಿಂದ 6.5; ಧೂಳಿನಲ್ಲಿರುವ ಬೆಣಚುಕಲ್ಲಿನ ಕಣದ್ದು 7. ಆದ್ದರಿಂದ ಒಣಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಧೂಳನ್ನು ಮೆಲ್ಲನೆ ಊದಿ ತೆಗೆದು, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ತೆಳುವಾದ ಓಪಲ್ ಪದರವನ್ನು ಕಪ್ಪು ಕಲ್ಲಿಗೆ ಅಂಟಿಸಿದ ಒಡವೆಗಳೂ ಉಂಟು. ಅಂಥವನ್ನು ನೀರಿನಲ್ಲಿ ನೆನೆಹಾಕಿದರೆ ಅಂಟು ಬಿಟ್ಟು ಹರಳು ಮಬ್ಬಾಗುತ್ತದೆ. ಯಾವ ಬಗೆಯೆಂದು ತಿಳಿಯದಿದ್ದಾಗ ನೆನೆಹಾಕದಿರುವುದೇ ಲೇಸು.

ಕೆಂಪಿನ ಓಲೆಯ ಮಾತೂ ಹೀಗೆಯೇ. ಹಳೆಯ ಕೆಲಸದಲ್ಲಿ ಹರಳಿನ ಹಿಂದೆ ತಗಡೂ ಅರಗೂ ಇರುತ್ತವೆ. ಬಿಸಿನೀರು ತಾಗಿದರೆ ಅರಗು ಸಡಿಲಾಗಿ ಹರಳು ಉದುರುತ್ತದೆ. ಮುತ್ತಿಗೆ ಹುಳಿಯೇ ವೈರಿ. ಹಿತ್ತಾಳೆಯನ್ನು ಬೆಳಗುವ ಹುಣಿಸೆಹಣ್ಣು, ನಿಂಬೆರಸಗಳು ಮುತ್ತಿನ ಮೈಯನ್ನೇ ತಿನ್ನುತ್ತವೆ.

ಅರಕಲಗೂಡು ತಾಲ್ಲೂಕಿನ ಅರೆಮಾದನಹಳ್ಳಿಯಲ್ಲಿ ವಿಶ್ವಕರ್ಮ ಸಮಾಜದ ಗುರುಪೀಠವಿದೆ. ಅಕ್ಕಸಾಲಿಗರ ಕಾಯಕವನ್ನು ನೆನೆಯಲು ಇದು ತಕ್ಕ ಸ್ಥಳ. ಕಿನ್ನರಿ ಬೊಮ್ಮಯ್ಯನವರು ಅಕ್ಕಸಾಲೆಯ ಕಾಯಕದಿಂದ ಬಂದ ಶರಣರೆಂಬುದನ್ನು ನಾವು ಮರೆಯಬಾರದು. ಹರಳಿನ ಹಿಡಿತ ಸಡಿಲವಾದರೆ ಮನೆಯ ಅಂಟಿಗೆ ಕೈಹಾಕದೆ ಅನುಭವಿ ಅಕ್ಕಸಾಲಿಗರ ಬಳಿಗೇ ಒಯ್ಯಬೇಕು.

ಕರಡಿಗೆಯ ವಿಷಯದಲ್ಲಿ ಇದು ಇನ್ನೂ ಮುಖ್ಯ. ದಿನವೂ ಶಿವದಾರ ಉಜ್ಜಿ ಉಜ್ಜಿ ಕರಡಿಗೆಯ ಕೊಂಡಿ ಸವೆಯುತ್ತದೆ. ಅದು ಕಳಚಿ ಲಿಂಗ ನೆಲಕ್ಕೆ ಬಿದ್ದರೆ ಭಕ್ತನಿಗಾಗುವ ಸಂಕಟವನ್ನು ಹೇಳಬೇಕಾಗಿಲ್ಲ. ತಿಂಗಳಿಗೊಮ್ಮೆಯಾದರೂ ಕೊಂಡಿಯನ್ನೂ ದಾರವನ್ನೂ ಪರೀಕ್ಷಿಸುವುದು ಪೂಜೆಯ ಅಂಗವೇ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದ ಅಂಶದಿಂದ, ದೋಷದಿಂದಲ್ಲ. ಇಷ್ಟಲಿಂಗವನ್ನು ಹೊರತೆಗೆದು ಶುಭ್ರವಸ್ತ್ರದ ಮೇಲಿರಿಸಿ, ನಯವಾದ ವಿಭೂತಿಯಿಂದ ಬೆಳ್ಳಿಯನ್ನು ಹಗುರವಾಗಿ ಉಜ್ಜಿದರೆ ಸಾಕು. ಅದೇ ವಿಭೂತಿಯಿಂದ ಓಪಲ್ಲನ್ನಾಗಲಿ ಮುತ್ತನ್ನಾಗಲಿ ಉಜ್ಜಬಾರದು. ಬೆಳ್ಳಿ ತೊಳೆಯುವ ಅಂಗಡಿಯ ದ್ರಾವಣ ಲಿಂಗದ ಕಂಥೆಗೆ ತಾಗಲೇಬಾರದು.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿಯ ಮೈಮೇಲೆ ಒಂದು ಎಳೆ ಒಡವೆಯೂ ಇಲ್ಲ. ಆದರೂ 2018ರ ಮಹಾಮಸ್ತಕಾಭಿಷೇಕದಲ್ಲಿ ಲಕ್ಷಾಂತರ ಜನ ಆ ಮೂರ್ತಿಯ ಮುಂದೆ ಕೈಮುಗಿದು ನಿಂತರು. ಒಡವೆಯಿಂದಲೇ ಹಿರಿಮೆಯಲ್ಲವೆಂಬುದನ್ನು ಆ ಬೆಟ್ಟ ಹೇಳುತ್ತದೆ. ಹಾಗಾದರೆ ಹಳೆಯದನ್ನೇಕೆ ಕಾಯಬೇಕು?

ಲಿಂಗೈಕ್ಯರಾದವರೊಡನೆ ಅವರ ಇಷ್ಟಲಿಂಗವೂ ಸಮಾಧಿಯನ್ನು ಸೇರುತ್ತದೆ. ಕರಡಿಗೆ ಮಾತ್ರ ಅನೇಕ ಮನೆಗಳಲ್ಲಿ ಉಳಿಯುತ್ತದೆ. ಅಜ್ಜನ ಎದೆಯ ಮೇಲೆ ಐವತ್ತು ವರ್ಷ ಆಡಿದ ಆ ಬೆಳ್ಳಿ ಸವೆದಿರುವುದು ಪೂಜೆಯಿಂದ. ಹಳೆಯ ಬೆಳ್ಳಿಯನ್ನು ತೂಕಕ್ಕೆ ಕೊಟ್ಟು ಹೊಸದನ್ನು ತರುವ ರೂಢಿ ಇಂದು ಪೇಟೆಯಲ್ಲಿ ಹೆಚ್ಚಿದೆ. ತಕ್ಕಡಿಗೆ ಗ್ರಾಮು ಮಾತ್ರ ಗೊತ್ತು. ಕರಗಿಸಿದ ಮೇಲೆ ಆ ಸವೆತ ಮರಳಿ ಬಾರದು. ದುರಸ್ತಿಯಾಗುವಂತಿದ್ದರೆ ಕೊಂಡಿಯನ್ನು ಮಾತ್ರ ಹೊಸದು ಮಾಡಿಸಿ, ಲಿಂಗದೀಕ್ಷೆಯ ದಿನ ಮೊಮ್ಮಗಳ ಕೊರಳಿಗೆ ಹಾಕಿರಿ. ಯಾರು ಧರಿಸಿದ್ದರೆಂದು ಅವಳಿಗೆ ಹೇಳಿರಿ.